ಚಿತ್ರ ಬರೆದು ಹೊಟ್ಟೆ ತುಂಬೀತೇ? ಗ್ರಾಫಿಕ್ ಡಿಸೈನ್ ಓದುವ ನಮ್ಮ ಮಕ್ಕಳ ತಯಾರಿಯ ಬಗ್ಗೆ

ಈಚಿನ ಕೆಲವು ವರ್ಷಗಳಿಂದ ಸಂಘದ ಕಚೇರಿಗೆ ಬೆಳೆಸಾಲದ ಕೆಲಸಕ್ಕೆಂದು ಬರುವ ಸದಸ್ಯ ಬಂಧುಗಳು, ಕಾಗದಪತ್ರದ ಕೆಲಸ ಮುಗಿದ ಮೇಲೆ ಇನ್ನೊಂದು ವಿಷಯವನ್ನು ಎತ್ತುವುದುಂಟು. ಮಗನೋ ಮಗಳೋ ಪಿ.ಯು.ಸಿ. ಮುಗಿಸುವ ಹಂತದಲ್ಲಿದ್ದಾರೆ. ಇಂಜಿನಿಯರಿಂಗ್ ಬೇಡ, ಬಿ.ಕಾಂ. ಬೇಡ, ಗ್ರಾಫಿಕ್ ಡಿಸೈನ್ ಓದುತ್ತೇನೆ ಎಂದು ಹಟ ಹಿಡಿದಿದ್ದಾರೆ. "ಚಿತ್ರ ಬರೆದು ಹೊಟ್ಟೆ ತುಂಬುತ್ತದೆಯೇ ಮಾರಾಯ್ರೇ?" ಎಂಬುದು ತಂದೆಯ ಪ್ರಶ್ನೆ. ಈಗಾಗಲೇ ಕಾಲೇಜಿಗೆ ಸೇರಿಸಿರುವವರ ಪ್ರಶ್ನೆ ಬೇರೆ: "ಇನ್ನೊಂದು ವರ್ಷಕ್ಕೆ ಓದು ಮುಗಿಯುತ್ತದೆ, ಕೆಲಸ ಹೇಗೆ ಸಿಗುತ್ತದೆ?"

ಇದು ಹಗುರವಾಗಿ ತೆಗೆದುಕೊಳ್ಳುವ ಪ್ರಶ್ನೆಯಲ್ಲ. ನಮ್ಮಲ್ಲಿ ಬಹುಪಾಲು ಸದಸ್ಯರು ಎರಡು ಮೂರು ಎಕರೆಯ ಹಿಡುವಳಿದಾರರು. ಕೊಳೆ ರೋಗದ ಜೊತೆಗೆ ಹಳದಿ ಎಲೆ ರೋಗ, ಎಲೆಚುಕ್ಕೆ ರೋಗಗಳು ತೋಟಕ್ಕೆ ಬಂದಿವೆ. ಕೊನೆ ತೆಗೆಯಲು, ಕಾಫಿ ಕುಯ್ಯಲು ಆಳು ಸಿಗುವುದು ಕಷ್ಟವಾಗಿದೆ. "ಓದು ಕೈಹತ್ತದಿದ್ದರೆ ತೋಟ ಇದ್ದೇ ಇದೆ" ಎಂದು ಧೈರ್ಯವಾಗಿ ಹೇಳುವ ಕಾಲ ಇದಲ್ಲ. ಖಾಸಗಿ ಕಾಲೇಜಿನಲ್ಲಿ ನಾಲ್ಕು ವರ್ಷದ ಖರ್ಚು ಹಲವು ಲಕ್ಷ ರೂಪಾಯಿಗಳಾಗುತ್ತದೆ; ಆ ಹಣ ತೋಟದಿಂದಲೇ ಹೋಗಬೇಕು. ಆದ್ದರಿಂದ ಈ ವೃತ್ತಿಯ ಒಳಹೊರಗನ್ನು ತಂದೆತಾಯಿಗಳೂ ಸ್ವಲ್ಪ ತಿಳಿದಿರುವುದು ಒಳ್ಳೆಯದು.

ಮುಖ್ಯವಾಗಿ ಹೇಳಬೇಕಾದ ಮಾತು ಒಂದೇ. ಈ ವೃತ್ತಿಯಲ್ಲಿ ಪದವಿ ಪತ್ರ ಕೇಳುವವರು ಕಡಿಮೆ, ಮಾಡಿದ ಕೆಲಸ ತೋರಿಸು ಎನ್ನುವವರೇ ಹೆಚ್ಚು. ನಿಜವಾದ ಗಿರಾಕಿಗಾಗಿ, ಅವನ ಹಣ ಮತ್ತು ಕಾಲದ ಮಿತಿಯೊಳಗೆ ಮಾಡಿ ಮುಗಿಸಿದ ಕೆಲಸವೇ ವಿದ್ಯಾರ್ಥಿಯ ಆಸ್ತಿ. ಆ ಆಸ್ತಿ ಓದುವ ವರ್ಷಗಳಲ್ಲೇ ಕೂಡಿಬರಬೇಕು. ಪದವಿ ಬಂದ ಮೇಲೆ ನೋಡೋಣ ಎಂದು ಕುಳಿತವರಿಗೆ ಆಮೇಲೆ ತೊಂದರೆಯಾಗುತ್ತದೆ.

ಈ ವಿದ್ಯೆ ಎಂದರೇನು?

ಹಿಂದೆ ಇದನ್ನು ಕಮರ್ಷಿಯಲ್ ಆರ್ಟ್ ಎನ್ನುತ್ತಿದ್ದರು, ಕಲಾ ಶಾಲೆಗಳಲ್ಲಿ ಅನ್ವಯಿಕ ಕಲೆ ಎಂಬ ಹೆಸರೂ ಇದೆ. ಅಕ್ಷರ, ಚಿತ್ರ, ಬಣ್ಣಗಳನ್ನು ಜೋಡಿಸಿ, ನೋಡಿದವನಿಗೆ ಹೇಳಬೇಕಾದದ್ದು ತಟ್ಟನೆ ತಿಳಿಯುವಂತೆ ಮಾಡುವುದೇ ಈ ಕೆಲಸ. ಪುಸ್ತಕದ ಮುಖಪುಟ, ಸಂಸ್ಥೆಯ ಲಾಂಛನ, ಔಷಧದ ಡಬ್ಬಿ, ಬಸ್ ನಿಲ್ದಾಣದ ಫಲಕ, ಮೊಬೈಲ್ ಪರದೆಯ ಮೇಲಿನ ಗುಂಡಿಗಳು, ಎಲ್ಲವನ್ನೂ ಯಾರೋ ಒಬ್ಬರು ಹೀಗೆ ಕುಳಿತು ಯೋಚಿಸಿ ಮಾಡಿರುತ್ತಾರೆ.

ನಮಗೆ ಹತ್ತಿರದ ಉದಾಹರಣೆಯೆಂದರೆ ಕಾಫಿ ಪುಡಿಯ ಪೊಟ್ಟಣ. ಅದರ ಮುಂದೆ ಚಂದದ ಗಿಡದ ಚಿತ್ರ ಹಾಕಿದರೆ ಕೆಲಸ ಮುಗಿಯಿತೆಂದು ತಿಳಿಯಬಾರದು. ತಯಾರಕರ ಹೆಸರು ವಿಳಾಸ, ನಿವ್ವಳ ತೂಕ, ತಯಾರಾದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ದೂರು ಹೇಳಲು ದೂರವಾಣಿ, ಇವೆಲ್ಲ 2011ರ ಪೊಟ್ಟಣ ಸಾಮಗ್ರಿಗಳ ನಿಯಮದ ಪ್ರಕಾರ ಇರಲೇಬೇಕು. ಕೆಲವು ವಿವರಗಳ ಅಕ್ಷರದ ಎತ್ತರಕ್ಕೂ ನಿಯಮವಿದೆ. ಆಹಾರ ಸುರಕ್ಷತಾ ಪ್ರಾಧಿಕಾರದ ಗುರುತು ಮತ್ತು 14 ಅಂಕಿಯ ಪರವಾನಗಿ ಸಂಖ್ಯೆ, ಚೌಕದೊಳಗಿನ ಹಸಿರು ಚುಕ್ಕೆ ಬೇಕು. ಚಿಕೋರಿ ಬೆರೆಸಿದ್ದರೆ ಕಾಫಿ ಶೇಕಡಾ ಎಷ್ಟು, ಚಿಕೋರಿ ಶೇಕಡಾ ಎಷ್ಟು ಎಂದು ಬರೆಯಬೇಕು. ಕಾಫಿಯ ಪಾಲು ಶೇ. 51ಕ್ಕಿಂತ ಕಡಿಮೆ ಇರುವಂತಿಲ್ಲ. ಹುರಿದ ಕಾಫಿಯಿಂದ ಅನಿಲ ಹೊರಬರುವುದರಿಂದ ಕೆಲವು ಚೀಲಗಳಿಗೆ ಸಣ್ಣ ವಾಲ್ವ್ ಹಾಕುತ್ತಾರೆ, ಅದಕ್ಕೂ ಜಾಗ ಬಿಡಬೇಕು. ಅಂಗಡಿಯ ಯಂತ್ರ ಓದುವ ಬಾರ್‌ಕೋಡನ್ನು ಬಿಳಿಯ ಮೇಲೆ ಕೆಂಪು ಗೆರೆಗಳಲ್ಲಿ ಅಚ್ಚು ಹಾಕಿದರೆ, ಯಂತ್ರದ ಬೆಳಕೂ ಕೆಂಪಾಗಿರುವುದರಿಂದ, ಅದು ಗೆರೆಗಳನ್ನು ಕಾಣುವುದೇ ಇಲ್ಲ.

ಇಷ್ಟನ್ನೆಲ್ಲ ಅಂಗೈಯಗಲದ ಜಾಗದಲ್ಲಿ ತಂದು, ಕೊಳ್ಳುವವನ ಕಣ್ಣಿಗೂ ಹಿತವಾಗುವಂತೆ ಮಾಡುವುದು ಡಿಸೈನರನ ಕೆಲಸ. ನಮ್ಮ ಸದಸ್ಯರೊಬ್ಬರು ಮನೆಯಲ್ಲೇ ಹುರಿದು ಪುಡಿ ಮಾಡಿ ಮಾರಲು ಹೊರಟಾಗ, ಪೇಟೆಯ ಒಂದು ಅಂಗಡಿಯಲ್ಲಿ ಲೇಬಲ್ ಮಾಡಿಸಿದ್ದರು. ನೋಡಲು ಚೆನ್ನಾಗಿಯೇ ಇತ್ತು. ಆದರೆ ಚಿಕೋರಿಯ ಪ್ರಮಾಣವೂ ಪರವಾನಗಿ ಸಂಖ್ಯೆಯೂ ಬಿಟ್ಟುಹೋಗಿದ್ದುದರಿಂದ ಅಚ್ಚಾದ ಲೇಬಲ್ ಅಷ್ಟೂ ಮೂಲೆ ಸೇರಿತು. ಆಮೇಲೆ ಅದನ್ನು ಸರಿಮಾಡಿ ಕೊಟ್ಟವಳು ಇನ್ನೊಬ್ಬ ಸದಸ್ಯರ ಮಗಳು, ಮೂರನೆಯ ವರ್ಷದ ವಿದ್ಯಾರ್ಥಿನಿ. ಲೇಬಲ್ ಬರೆಯುವ ಮೊದಲು ಅವಳು ಆ ಮನೆಯವರನ್ನು ಕೇಳಿದ ಪ್ರಶ್ನೆಗಳು ಎರಡು ಹಾಳೆ ತುಂಬುವಷ್ಟಿದ್ದವು. ಯಾರು ಕೊಳ್ಳುತ್ತಾರೆ, ಎಲ್ಲಿ ಮಾರುತ್ತೀರಿ, ಪುಡಿಗೆ ಎಷ್ಟು ದಿನದ ಬಾಳಿಕೆ, ಇಂಗ್ಲಿಷ್ ಓದಲು ಬಾರದ ಗಿರಾಕಿಗಳೂ ಇದ್ದಾರೆಯೇ, ಹೀಗೆ. ಈ ಪ್ರಶ್ನೆ ಕೇಳುವ ಅಭ್ಯಾಸವೇ ಈ ವಿದ್ಯೆಯ ಅರ್ಧಭಾಗ ಎನ್ನಬಹುದು.

ಎಲ್ಲಿ ಕಲಿಯುವುದು?

ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಎಂದರೆ ಎನ್.ಐ.ಡಿ., 1961ರಲ್ಲಿ ಆರಂಭವಾಯಿತು. ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು 1958ರಲ್ಲಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿ ಅದಕ್ಕೆ ತಳಹದಿ. ಬೆಂಗಳೂರಿನಲ್ಲಿಯೂ ಅದರ ಶಾಖೆಯಿದೆ, ಆದರೆ ಅಲ್ಲಿ ನಡೆಯುವುದು ಸ್ನಾತಕೋತ್ತರ ಪಾಠ. ಮುಂಬೈ ಐ.ಐ.ಟಿ.ಯ ವಿನ್ಯಾಸ ಕೇಂದ್ರ 1969ರದು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು, ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯಗಳು ಬಹುಕಾಲದಿಂದ ಹೆಸರಾದವು. ಇವಲ್ಲದೆ ಖಾಸಗಿ ಕಾಲೇಜುಗಳು ಬಹಳಷ್ಟಿವೆ.

ಇಲ್ಲಿ ಗಮನಿಸಬೇಕಾದ ಒಂದು ಅಂಶವುಂಟು. ಎನ್.ಐ.ಡಿ.ಗೂ ಐ.ಐ.ಟಿ.ಗಳ ವಿನ್ಯಾಸ ಪದವಿಗೂ ಪ್ರತ್ಯೇಕ ಪ್ರವೇಶ ಪರೀಕ್ಷೆಗಳಿವೆ. ಪಿ.ಯು.ಸಿ.ಯಲ್ಲಿ ವಿಜ್ಞಾನ, ವಾಣಿಜ್ಯ, ಕಲೆ ಯಾವುದನ್ನು ಓದಿದವರೂ ಬರೆಯಬಹುದು. ಆದರೆ ಈ ಪರೀಕ್ಷೆಗಳು ಸಾಮಾನ್ಯವಾಗಿ ಡಿಸೆಂಬರ್ ಜನವರಿಯ ಸುಮಾರಿಗೆ ನಡೆಯುತ್ತವೆ. ಅರ್ಜಿ ಅದಕ್ಕೂ ಮೊದಲೇ, ಮಳೆಗಾಲ ಮುಗಿಯುತ್ತಿದ್ದಂತೆ ಹಾಕಬೇಕು. ಪಿ.ಯು.ಸಿ. ಫಲಿತಾಂಶ ಬಂದ ಮೇಲೆ ವಿಚಾರಿಸಲು ಹೊರಟವರಿಗೆ ಆ ವರ್ಷ ಕೈತಪ್ಪಿರುತ್ತದೆ.

ಖಾಸಗಿ ಕಾಲೇಜು ನೋಡಲು ಹೋದಾಗ ಕಟ್ಟಡದ ಅಂದ, ಕಂಪ್ಯೂಟರುಗಳ ಸಂಖ್ಯೆ ನೋಡಿ ಮರುಳಾಗಬೇಡಿ. ಕಳೆದ ವರ್ಷ ಓದು ಮುಗಿಸಿದವರ ಕೆಲಸ ತೋರಿಸಿ ಎನ್ನಿ. ಅವರಲ್ಲಿ ಇಬ್ಬರು ಮೂವರ ಜೊತೆ ನೇರವಾಗಿ ಮಾತಾಡಿ. ಪದವಿಗೆ ವಿಶ್ವವಿದ್ಯಾಲಯದ ಮಾನ್ಯತೆ ಇದೆಯೇ, ಶುಲ್ಕ ವರ್ಷವರ್ಷಕ್ಕೂ ಏರುತ್ತದೆಯೇ ಎಂಬುದನ್ನು ಬರವಣಿಗೆಯಲ್ಲಿ ಕೇಳಿ. ನೋಡಿಯೇ ಕೊಳ್ಳುವ ಈ ಕ್ರಮ ನಮಗೆ ಹೊಸದೇನಲ್ಲ. ಅಡಿಕೆ ಸಸಿ ತರುವಾಗ ತಾಯಿಮರ ನೋಡದೆ ತರುವವರು ನಮ್ಮಲ್ಲಿ ಕಡಿಮೆ.

ಕೆಲಸದ ಕಟ್ಟು

ಈ ವೃತ್ತಿಯಲ್ಲಿ ಪೋರ್ಟ್‌ಫೋಲಿಯೋ ಎಂಬ ಮಾತು ಮೇಲಿಂದ ಮೇಲೆ ಕೇಳಿಬರುತ್ತದೆ. ವಿದ್ಯಾರ್ಥಿ ತಾನು ಮಾಡಿದ ಕೆಲಸಗಳಲ್ಲಿ ಆರಿಸಿ ಜೋಡಿಸಿಟ್ಟ ಕಟ್ಟು ಅದು. ಕೆಲಸ ಕೊಡುವವನು ನೋಡುವುದು ಇದನ್ನೇ. ಮಂಡಿಯಲ್ಲಿ ಅಡಿಕೆ ನೋಡುವವನು ಚೀಲ ಬಿಚ್ಚಿ ಮುಷ್ಟಿ ತುಂಬ ಎತ್ತಿ ನೋಡುತ್ತಾನೆ. ನಿಮ್ಮ ಪಹಣಿಯಲ್ಲಿ ಎಷ್ಟು ಎಕರೆ ಇದೆ ಎಂದು ಕೇಳುವುದಿಲ್ಲ. ಇಲ್ಲಿಯೂ ಹಾಗೆಯೇ. ಮೇಲೆ ರಾಶಿ ಹರಡಿ ಅಡಿಯಲ್ಲಿ ಗೊರಬಲು ತುಂಬಿದರೆ ವ್ಯಾಪಾರಿ ಕೈ ಒಳಗೆ ಹಾಕಿದ ಕೂಡಲೇ ಗೊತ್ತಾಗುವಂತೆ, ಇಲ್ಲಿ ಪಳಗಿದವರ ಕಣ್ಣಿಗೂ ಒಂದೆರಡು ನಿಮಿಷದಲ್ಲೇ ಗೊತ್ತಾಗುತ್ತದೆ.

ಆದ್ದರಿಂದ ಕಟ್ಟಿನಲ್ಲಿ ಎಷ್ಟಿದೆ ಎಂಬುದಕ್ಕಿಂತ ಏನಿದೆ ಎಂಬುದು ಮುಖ್ಯ. ನಲವತ್ತು ಸಾಧಾರಣ ಚಿತ್ರಗಳಿಗಿಂತ ಹತ್ತು ಹನ್ನೆರಡು ಗಟ್ಟಿ ಕೆಲಸ ಸಾಕು. ಒಂದೊಂದು ಕೆಲಸಕ್ಕೂ ನಾಲ್ಕು ಸಂಗತಿಗಳು ಕಾಣಬೇಕು. ಗಿರಾಕಿಗೆ ಇದ್ದ ತೊಂದರೆ ಏನು, ಅದಕ್ಕೆ ಯಾವ ಯಾವ ದಾರಿ ಪ್ರಯತ್ನಿಸಲಾಯಿತು, ಕೊನೆಗೆ ಯಾವುದನ್ನು ಏಕೆ ಆರಿಸಲಾಯಿತು, ಅಚ್ಚಾಗಿ ಬಳಕೆಗೆ ಬಂದ ಮೇಲೆ ಹೇಗಾಯಿತು. ಬಿಟ್ಟುಬಿಟ್ಟ ಕಚ್ಚಾ ನಕ್ಷೆಗಳನ್ನೂ ಸೇರಿಸುವುದು ಒಳ್ಳೆಯದು, ಏಕೆಂದರೆ ಕೆಲಸ ಕೊಡುವವನಿಗೆ ಬೇಕಾದದ್ದು ಹುಡುಗ ಯೋಚಿಸುವ ರೀತಿ. ಗುಂಪಿನಲ್ಲಿ ಮಾಡಿದ ಕೆಲಸವಾದರೆ ತನ್ನ ಪಾಲು ಇಷ್ಟೇ ಎಂದು ಸ್ಪಷ್ಟವಾಗಿ ಬರೆಯಬೇಕು. ಬೇರೆಯವರ ಕೆಲಸವನ್ನು ತನ್ನದೆಂದು ತೋರಿಸಿ ಸಿಕ್ಕಿಬಿದ್ದವನ ಹೆಸರು ಈ ಸಣ್ಣ ವಲಯದಲ್ಲಿ ಬೇಗ ಹಬ್ಬುತ್ತದೆ.

ವಿದ್ಯಾರ್ಥಿಯ ಕೆಲಸಕ್ಕೆ ಬೆಲೆ ಎಲ್ಲಿ ಎಂದು ಅನುಮಾನ ಬೇಡ. ನಾವೆಲ್ಲ ವರ್ಷಗಟ್ಟಲೆ ನೋಡಿದ ದೂರದರ್ಶನದ ಕಣ್ಣಿನ ಆಕಾರದ ಲಾಂಛನವನ್ನು ಬರೆದವರು ದೇವಾಶಿಸ್ ಭಟ್ಟಾಚಾರ್ಯ. 1970ರ ದಶಕದಲ್ಲಿ ಅದನ್ನು ಬರೆದಾಗ ಅವರು ಎನ್.ಐ.ಡಿ.ಯ ವಿದ್ಯಾರ್ಥಿ. 2010ರಲ್ಲಿ ಸರ್ಕಾರ ಒಪ್ಪಿದ ರೂಪಾಯಿಯ ಚಿಹ್ನೆ ಡಿ. ಉದಯಕುಮಾರ್ ಅವರದು, ಮುಂಬೈ ಐ.ಐ.ಟಿ.ಯ ವಿನ್ಯಾಸ ಕೇಂದ್ರದಲ್ಲಿ ತಮಿಳು ಅಕ್ಷರ ವಿನ್ಯಾಸದ ಬಗ್ಗೆ ಸಂಶೋಧನೆ ಮಾಡುತ್ತಿದ್ದವರು ಅವರು. ಸ್ಪರ್ಧೆಗೆ ಬಂದಿದ್ದ ಮೂರು ಸಾವಿರಕ್ಕೂ ಹೆಚ್ಚು ಚಿಹ್ನೆಗಳಲ್ಲಿ ಅದು ಆಯ್ಕೆಯಾಯಿತು. ಎರಡೂ ನಿಜವಾದ ಅಗತ್ಯಕ್ಕೆ ಮಾಡಿದ ಕೆಲಸಗಳು. ಸಹಕಾರಿಗಳಾದ ನಾವು ನೆನೆಯಬೇಕಾದ ಇನ್ನೊಂದು ಉದಾಹರಣೆ ಅಮುಲ್ ಬೆಣ್ಣೆಯ ಹುಡುಗಿ. 1966ರಲ್ಲಿ ಜಾಹೀರಾತು ಸಂಸ್ಥೆಯ ಸಿಲ್ವೆಸ್ಟರ್ ಡಕುನ್ಹಾ ಮತ್ತು ಕಲಾವಿದ ಯೂಸ್ಟಸ್ ಫರ್ನಾಂಡಿಸ್ ರೂಪಿಸಿದ ಆ ಚಿತ್ರ, ಹಳ್ಳಿಯ ಹಾಲು ಉತ್ಪಾದಕರ ಬೆಣ್ಣೆಯನ್ನು ದೇಶದ ಮನೆಮನೆಗೂ ಪರಿಚಯ ಮಾಡಿಸಿತು.

ಅಚ್ಚುಕೂಟದ ಪಾಠ

ಕಂಪ್ಯೂಟರ್ ಪರದೆಯ ಮೇಲೆ ಚೆನ್ನಾಗಿ ಕಂಡದ್ದು ಕಾಗದದ ಮೇಲೆ ಹಾಗೆಯೇ ಬರುತ್ತದೆಂದು ಹೇಳಲಾಗದು. ಪರದೆಯಲ್ಲಿ ಕೆಂಪು, ಹಸಿರು, ನೀಲಿ ಬೆಳಕು ಸೇರಿ ಬಣ್ಣವಾಗುತ್ತದೆ. ಅಚ್ಚಿನಲ್ಲಿ ತಿಳಿನೀಲಿ, ಕಡುಗುಲಾಬಿ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳು ಸೇರಬೇಕು. ಪರದೆಯ ಮೇಲೆ ಮಿಂಚುವ ಎಲೆಹಸಿರು ಈ ಶಾಯಿಗಳಲ್ಲಿ ಮಂಕಾಗಿಯೇ ಬರುತ್ತದೆ. ಕಾಗದ ಕತ್ತರಿಸುವಾಗ ಅಂಚಿನಲ್ಲಿ ಬಿಳಿ ಉಳಿಯದಿರಲು ಬಣ್ಣವನ್ನು ಸುತ್ತಲೂ ಮೂರು ಮಿಲಿಮೀಟರ್ ಹೊರಕ್ಕೆ ಚಾಚಿರಬೇಕು. ಛಾಯಾಚಿತ್ರಕ್ಕೆ ಅಂಗುಲಕ್ಕೆ 300 ಚುಕ್ಕೆಯ ಸಾಂದ್ರತೆ ಬೇಕು. ಮೊಬೈಲಿನಲ್ಲಿ ಬಂದ ಸಣ್ಣ ಚಿತ್ರವನ್ನು ಹಿಗ್ಗಿಸಿ ಹಾಕಿದರೆ ಮಸುಕಾಗುತ್ತದೆ.

ಖರ್ಚಿನ ವಿಚಾರವೂ ಅಚ್ಚಿನ ವಿಧಾನದ ಮೇಲೆ ನಿಂತಿದೆ. ಪ್ಲಾಸ್ಟಿಕ್ ಪದರದ ಚೀಲಗಳಿಗೆ ಬಳಸುವ ಗ್ರಾವ್ಯೂರ್ ಮುದ್ರಣದಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಉರುಳೆ ಕೊರೆಸಬೇಕು, ಆದ್ದರಿಂದ ದೊಡ್ಡ ಸಂಖ್ಯೆಯಲ್ಲಿ ಅಚ್ಚು ಹಾಕಿಸಿದರೆ ಮಾತ್ರ ಗಿಟ್ಟುತ್ತದೆ. ತಿಂಗಳಿಗೆ ಐವತ್ತು ಕಿಲೋ ಪುಡಿ ಮಾರುವ ಮನೆಗೆ ಸಾದಾ ಚೀಲ ಮತ್ತು ಒಂದೆರಡು ಬಣ್ಣದ ಅಂಟುಚೀಟಿಯೇ ಸರಿ. ಇದನ್ನು ಬಲ್ಲ ವಿದ್ಯಾರ್ಥಿ ಗಿರಾಕಿಯ ಹಣ ಉಳಿಸುತ್ತಾನೆ. ಬಾರದವನು ಆರು ಬಣ್ಣದ ಚೀಲ ಬರೆದುಕೊಟ್ಟು ಗಿರಾಕಿಯನ್ನು ಸಾಲಕ್ಕೆ ತಳ್ಳುತ್ತಾನೆ.

ಈ ಜ್ಞಾನ ತರಗತಿಯಲ್ಲಿ ಪೂರ್ತಿ ಸಿಗುವುದಿಲ್ಲ. ರಜೆಯಲ್ಲಿ ಊರಿಗೆ ಬಂದಾಗ ಹತ್ತಿರದ ಪೇಟೆಯ ಮುದ್ರಣಾಲಯದಲ್ಲಿ ಹದಿನೈದು ದಿನ ಕುಳಿತು ನೋಡಲಿ. ಪ್ಲೇಟ್ ಕಟ್ಟುವುದು, ಶಾಯಿ ಹೊಂದಿಸುವುದು, ಕಾಗದದ ತೂಕ, ಮಡಿಸುವ ಕ್ರಮ, ವ್ಯರ್ಥವಾಗುವ ಹಾಳೆಯ ಲೆಕ್ಕ, ಎಲ್ಲವೂ ಅಲ್ಲಿ ಕಣ್ಣೆದುರಿಗೆ ನಡೆಯುತ್ತದೆ.

ಕನ್ನಡ ಅಕ್ಷರ ನಮ್ಮ ಮಕ್ಕಳ ಬಂಡವಾಳ

ಬೆಂಗಳೂರಿನಂಥ ಊರಿನಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಚೆನ್ನಾಗಿ ಜೋಡಿಸಬಲ್ಲವರು ಸಾವಿರಾರು ಮಂದಿ ಸಿಗುತ್ತಾರೆ. ಕನ್ನಡವನ್ನು ಅಷ್ಟೇ ಚೆನ್ನಾಗಿ ಜೋಡಿಸಬಲ್ಲವರು ಕಡಿಮೆ. ಪೇಟೆಯ ಫಲಕಗಳನ್ನು ನೋಡಿದರೆ ಇದು ತಿಳಿಯುತ್ತದೆ. ಇಂಗ್ಲಿಷ್ ಹೆಸರಿಗೆ ತೋರಿಸಿದ ಮುತುವರ್ಜಿ ಕನ್ನಡ ಹೆಸರಿಗೆ ಇರುವುದಿಲ್ಲ.

ನಮ್ಮ ಲಿಪಿಯ ರೀತಿ ಬೇರೆ. ತಲೆಕಟ್ಟು, ಗುಣಿತದ ಕೊಂಬುಗಳು ಮೇಲೆ ಮತ್ತು ಬದಿಗೆ ಹೋಗುತ್ತವೆ, ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ. 'ಸ್ವಾತಂತ್ರ್ಯ' ಎಂಬ ಒಂದು ಮಾತನ್ನು ಬರೆದು ನೋಡಿದರೆ ಸಾಕು. ಇಂಗ್ಲಿಷಿಗೆ ಬಿಟ್ಟಷ್ಟೇ ಸಾಲಿನಂತರವನ್ನು ಕನ್ನಡಕ್ಕೂ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಕೆಲವು ತಂತ್ರಾಂಶಗಳಲ್ಲಿ ಭಾರತೀಯ ಲಿಪಿಯ ಆಯ್ಕೆಯನ್ನು ಹಾಕಿಕೊಳ್ಳದಿದ್ದರೆ ಅಕ್ಷರ ಬೇರೆ, ಒತ್ತು ಬೇರೆಯಾಗಿ ಒಡೆದುಹೋಗುತ್ತದೆ. ಹಳೆಯ ನುಡಿ ತಂತ್ರಾಂಶದಲ್ಲಿ ಬರೆದದ್ದನ್ನು ಯೂನಿಕೋಡಿಗೆ ಬದಲಾಯಿಸುವಾಗಲೂ ಅಕ್ಷರ ಕೆಡುವುದುಂಟು. ಕನ್ನಡ ಓದಲು ಬಾರದವನಿಗೆ ಕೆಟ್ಟದ್ದು ಕಾಣುವುದೇ ಇಲ್ಲ. ಹಳ್ಳಿಯ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಹುಡುಗರಿಗೆ ಅದು ತಟ್ಟನೆ ಕಣ್ಣಿಗೆ ಬೀಳುತ್ತದೆ. ನಗರದ ಕಾಲೇಜಿನಲ್ಲಿ ಕನ್ನಡ ಮಾಧ್ಯಮವೆಂದು ಸಂಕೋಚಪಡುವ ಮಕ್ಕಳಿಗೆ ಈ ಮಾತು ಹೇಳಬೇಕು.

ಈ ಅಕ್ಷರಗಳ ಹಿಂದೆ ದೊಡ್ಡ ಪರಂಪರೆಯಿದೆ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ 1841ರಲ್ಲಿ ಆರಂಭವಾಯಿತು. 1843ರಲ್ಲಿ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಹೊರಬಂತು. 1894ರಲ್ಲಿ ಕಿಟೆಲ್ ಅವರ ನಿಘಂಟು ಅದೇ ಮುದ್ರಣಾಲಯದಲ್ಲಿ ಅಚ್ಚಾಯಿತು. ನಮ್ಮ ಕಾಲದಲ್ಲಿ, ವಿಂಡೋಸ್ ಕಂಪ್ಯೂಟರುಗಳಲ್ಲಿ ಬಂದ 'ತುಂಗಾ' ಎಂಬ ಕನ್ನಡ ಅಕ್ಷರ ಶೈಲಿಯನ್ನು ರೂಪಿಸಿದವರು ಮುಂಬೈಯ ಪ್ರೊಫೆಸರ್ ಆರ್. ಕೆ. ಜೋಶಿ. ನಮ್ಮ ನದಿಯ ಹೆಸರಿನ ಅಕ್ಷರವನ್ನು ಬರೆದವರು ಹೊರಗಿನವರು ಎಂಬುದು ಅವರ ಹಿರಿಮೆ; ಮುಂದಿನ ಅಕ್ಷರಗಳನ್ನು ನಮ್ಮ ಮಕ್ಕಳೂ ಬರೆಯಲಿ ಎಂಬುದು ನಮ್ಮ ಆಸೆ.

ಯಂತ್ರದ ಭಯ

2022ರಿಂದೀಚೆಗೆ, ಮಾತಿನಲ್ಲಿ ಹೇಳಿದರೆ ಚಿತ್ರ ಬರೆದುಕೊಡುವ ಕೃತಕ ಬುದ್ಧಿಯ ಯಂತ್ರಗಳು ಎಲ್ಲರ ಕೈಗೂ ಬಂದಿವೆ. ಹಾಗಾದರೆ ಈ ಓದು ಏಕೆ ಎಂದು ಕೇಳುವವರಿದ್ದಾರೆ. ಬರೀ ತಂತ್ರಾಂಶ ಓಡಿಸಲು ಮಾತ್ರ ಕಲಿತವನಿಗೆ ಕಷ್ಟ ಬಂದಿರುವುದು ನಿಜ. ಮದುವೆಯ ಕರೆಯೋಲೆ, ಹುಟ್ಟುಹಬ್ಬದ ಪಟಗಳಂಥ ಕೆಲಸ ಯಾರು ಬೇಕಾದರೂ ಮಾಡಿಕೊಳ್ಳಬಹುದಾಗಿದೆ. ಆದರೆ ಚಿಕೋರಿಯ ಪ್ರಮಾಣ ಬಿಟ್ಟುಹೋಗಿದೆ ಎಂದು ಗಿರಾಕಿಗೆ ಹೇಳುವವನು, ಅಚ್ಚುಕೂಟಕ್ಕೆ ಹೋಗಿ ಬಣ್ಣ ಒಪ್ಪಿಸುವವನು, ತಪ್ಪಾದರೆ ಅದಕ್ಕೆ ಹೊಣೆಯಾಗಿ ನಿಲ್ಲುವವನು ಮನುಷ್ಯನೇ ಆಗಬೇಕು. ಆದ್ದರಿಂದ ವಿದ್ಯಾರ್ಥಿ ಈ ಯಂತ್ರಗಳನ್ನೂ ಕಲಿಯಲಿ, ಆದರೆ ಕೈಯಲ್ಲಿ ಬರೆಯುವುದನ್ನೂ ಪ್ರಶ್ನೆ ಕೇಳುವುದನ್ನೂ ಬಿಡದಿರಲಿ. ದುಬಾರಿ ತಂತ್ರಾಂಶ ಕೊಳ್ಳಲಾಗದವರಿಗೆ ಇಂಕ್‌ಸ್ಕೇಪ್, ಗಿಂಪ್, ಸ್ಕ್ರೈಬಸ್ ಎಂಬ ಉಚಿತ ತಂತ್ರಾಂಶಗಳಿವೆ. ಕಳ್ಳ ಪ್ರತಿ ಬಳಸುವ ಚಟ ಮೊದಲ ದಿನದಿಂದಲೇ ಬೇಡ.

ಕೂಲಿಯ ಲೆಕ್ಕ ಮತ್ತು ಕಾಗದಪತ್ರ

ಓದು ಮುಗಿದವರು ಜಾಹೀರಾತು ಸಂಸ್ಥೆಗೋ, ಸಣ್ಣ ಸ್ಟುಡಿಯೋಗೋ, ಕಂಪೆನಿಯ ಒಳಗಿನ ವಿನ್ಯಾಸ ವಿಭಾಗಕ್ಕೋ ಸೇರುತ್ತಾರೆ. ಕೆಲವರು ಸ್ವಂತವಾಗಿ ಮಾಡುತ್ತಾರೆ. ಮೊದಲ ಎರಡು ಮೂರು ವರ್ಷ ಪಳಗಿದವರ ಕೈಕೆಳಗೆ ದುಡಿಯುವುದು ಒಳ್ಳೆಯದೆಂದು ನಮ್ಮ ಅನಿಸಿಕೆ. ಸಂಬಳವಿಲ್ಲದೆ ತಿಂಗಳುಗಟ್ಟಲೆ ದುಡಿಸಿಕೊಳ್ಳುವ ಕಡೆ ನಿಲ್ಲಬಾರದು.

ಸ್ವಂತವಾಗಿ ಮಾಡುವವರಿಗೆ ಬೆಲೆ ಹೇಳುವುದೇ ದೊಡ್ಡ ಸಂಕಟ. ಒಂದು ಸರಳ ಲೆಕ್ಕ ನೋಡಿ. ತಿಂಗಳಿಗೆ 25,000 ರೂಪಾಯಿ ಬೇಕು, ದುಡಿಯುವ ಅವಧಿ 200 ಗಂಟೆ ಎಂದಿಟ್ಟುಕೊಳ್ಳೋಣ. ಅದರಲ್ಲಿ ಗಿರಾಕಿಯನ್ನು ಕಾಣುವುದು, ಬಿಲ್ಲಿಗೆ ಓಡಾಡುವುದು, ಹೊಸದು ಕಲಿಯುವುದು ಕಳೆದರೆ ಕೂಲಿ ಹುಟ್ಟುವ ಗಂಟೆ 100 ಮಾತ್ರ ಉಳಿದೀತು. ಎಂದರೆ ಗಂಟೆಗೆ 250 ರೂಪಾಯಿ. ಒಂದು ಲೇಬಲ್ಲಿಗೆ 30 ಗಂಟೆ ಹಿಡಿದರೆ ಅದರ ಕೂಲಿ 7,500 ರೂಪಾಯಿ. "ಒಂದು ಚಿತ್ರಕ್ಕೆ ಅಷ್ಟೇ?" ಎಂದು ಹುಬ್ಬೇರಿಸುವ ಮುನ್ನ, ನಾವೂ ಕೊನೆಗೌಡನ ಕೂಲಿಯನ್ನು ಎಣಿಸುವುದು ಅವನು ಮರದ ಮೇಲಿದ್ದ ನಿಮಿಷಗಳಿಂದಲ್ಲ ಎಂಬುದನ್ನು ನೆನೆಯಬೇಕು.

ಕೆಲಸ ಹಿಡಿಯುವಾಗ ಒಂದು ಪುಟದ ಬರವಣಿಗೆ ಇರಲಿ. ಏನು ಮಾಡಿಕೊಡುವುದು, ಎಷ್ಟು ಸಲ ತಿದ್ದಿಕೊಡುವುದು, ಎಂದು ಮುಗಿಸುವುದು, ಮುಂಗಡ ಎಷ್ಟು, ಉಳಿದದ್ದು ಯಾವಾಗ ಎಂಬಿಷ್ಟು ಸಾಕು. ಕೃತಿಸ್ವಾಮ್ಯದ ವಿಚಾರವನ್ನೂ ಬರೆಯಬೇಕು. 1957ರ ಕಾಯಿದೆಯ ಪ್ರಕಾರ ಸಂಬಳದ ನೌಕರಿಯಲ್ಲಿ ಮಾಡಿದ ಕೆಲಸದ ಹಕ್ಕು ಸಾಮಾನ್ಯವಾಗಿ ಮಾಲೀಕನದು. ಹೊರಗಿನ ಡಿಸೈನರಿಂದ ಬರೆಸಿದ ಲಾಂಛನದ ಹಕ್ಕು ಹಣ ಕೊಟ್ಟ ಮಾತ್ರಕ್ಕೆ ಗಿರಾಕಿಗೆ ಬರುವುದಿಲ್ಲ, ಬರವಣಿಗೆಯಲ್ಲಿ ವರ್ಗಾಯಿಸಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಐದು ವರ್ಷಕ್ಕೆ ಎಂದೇ ಕಾನೂನು ಎಣಿಸುತ್ತದೆ. ಲೇಬಲ್ ಮಾಡಿಸುವ ನಮ್ಮ ಸದಸ್ಯರಿಗೂ ಈ ಮಾತು ಉಪಯೋಗಕ್ಕೆ ಬಂದೀತು.

ಬಾಕಿ ವಸೂಲಿಯ ಕಷ್ಟ ಎಲ್ಲ ಕಸುಬಿನಲ್ಲೂ ಇದೆ. ಸ್ವಂತ ಕಸುಬು ನಡೆಸುವವರು ಉದ್ಯಮ್ ನೋಂದಣಿ ಮಾಡಿಸಿಕೊಂಡರೆ, 2006ರ ಸಣ್ಣ ಉದ್ಯಮಗಳ ಕಾಯಿದೆಯ ಪ್ರಕಾರ ಗಿರಾಕಿ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ಬಡ್ಡಿ ಸೇರುತ್ತದೆ. ನೋಂದಣಿಗೆ ಶುಲ್ಕವಿಲ್ಲ.

ಸಾಲ ಮಾಡುವ ಮುನ್ನ

ಬ್ಯಾಂಕುಗಳ ಶಿಕ್ಷಣ ಸಾಲದಲ್ಲಿ ಏಳೂವರೆ ಲಕ್ಷ ರೂಪಾಯಿಯವರೆಗಿನ ಸಾಲಕ್ಕೆ ಕೇಂದ್ರದ ಖಾತರಿ ನಿಧಿಯ ಯೋಜನೆಯಿದೆ. ಆ ಯೋಜನೆಯಲ್ಲಿ ಬಂದ ಸಾಲಕ್ಕೆ ಆಸ್ತಿ ಅಡವು ಕೇಳುವಂತಿಲ್ಲ. ಆದ್ದರಿಂದ ತೋಟದ ಪತ್ರ ಹಿಡಿದುಕೊಂಡು ಖಾಸಗಿ ಲೇವಾದೇವಿಯವರ ಹತ್ತಿರ ಓಡುವ ಮುನ್ನ ಬ್ಯಾಂಕಿನಲ್ಲಿ ವಿಚಾರಿಸಿ. ಓದಿನ ಅವಧಿ ಮತ್ತು ಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲದಿದ್ದರೂ ಬಡ್ಡಿ ಬೆಳೆಯುತ್ತಿರುತ್ತದೆ. ಆರು ಲಕ್ಷ ರೂಪಾಯಿಗೆ ಶೇ. 10ರ ಬಡ್ಡಿ, ಹತ್ತು ವರ್ಷದ ಕಂತು ಎಂದರೆ ತಿಂಗಳಿಗೆ ಸುಮಾರು 7,900 ರೂಪಾಯಿ. ಓದುವಾಗ ಬೆಳೆದ ಬಡ್ಡಿ ಇದಕ್ಕೆ ಹೊರತು. ಮೇಲೆ ಹೇಳಿದ 25,000ದಲ್ಲಿ ಇಷ್ಟು ಹೋದರೆ ಬೆಂಗಳೂರಿನ ಬಾಡಿಗೆ, ಊಟಕ್ಕೆ ಏನುಳಿಯುತ್ತದೆ ಎಂದು ಮನೆಯವರೆಲ್ಲ ಕೂತು ಲೆಕ್ಕ ಹಾಕಬೇಕು. ಶುಲ್ಕ ಕಡಿಮೆಯಿರುವ ಕಲಾ ಕಾಲೇಜಿನಲ್ಲಿ ಓದಿ, ಉಳಿದ ಹಣದಲ್ಲಿ ಒಳ್ಳೆಯ ಕಂಪ್ಯೂಟರ್ ಕೊಂಡು, ರಜೆಯಲ್ಲಿ ತರಬೇತಿಗೆ ಹೋದ ವಿದ್ಯಾರ್ಥಿ ಯಾರಿಗೂ ಕಡಿಮೆಯಾಗಬೇಕಾಗಿಲ್ಲ, ಏಕೆಂದರೆ ಕೊನೆಗೆ ನೋಡುವುದು ಕೆಲಸದ ಕಟ್ಟನ್ನು.

ನಾಲ್ಕು ವರ್ಷದ ಕೆಲಸದ ಪಟ್ಟಿ

ತೋಟಕ್ಕೆ ತಿಂಗಳುವಾರು ಕೆಲಸದ ಪಟ್ಟಿ ಇರುವಂತೆ ಈ ಓದಿಗೂ ಒಂದನ್ನು ಹಾಕಿಕೊಳ್ಳಬಹುದು.

ಮೊದಲ ವರ್ಷ: ದಿನವೂ ಕೈಯಲ್ಲಿ ಬರೆಯುವ ಅಭ್ಯಾಸ. ಕನ್ನಡ ಅಕ್ಷರಗಳನ್ನು ಅಳತೆ ಹಿಡಿದು ಬರೆಯುವುದು. ಊರಿನ ಫಲಕ, ಪೊಟ್ಟಣ, ಹಳೆಯ ಪುಸ್ತಕದ ಮುಖಪುಟಗಳನ್ನು ಕೂಡಿಹಾಕುವುದು.

ಎರಡನೆಯ ವರ್ಷ: ರಜೆಯಲ್ಲಿ ಮುದ್ರಣಾಲಯದ ಅನುಭವ. ತಂತ್ರಾಂಶಗಳ ಮೇಲೆ ಹಿಡಿತ. ಪರಿಚಯದವರಿಗಾಗಿ ಒಂದೆರಡು ಸಣ್ಣ ಕೆಲಸ, ಅಚ್ಚಾಗುವವರೆಗೂ ಜೊತೆಗಿದ್ದು.

ಮೂರನೆಯ ವರ್ಷ: ಹಣ ಪಡೆದು ಒಂದಾದರೂ ಕೆಲಸ. ಸ್ಟುಡಿಯೋ ಅಥವಾ ಜಾಹೀರಾತು ಸಂಸ್ಥೆಯಲ್ಲಿ ಎರಡು ತಿಂಗಳ ತರಬೇತಿ. ಕೆಲಸದ ಕಟ್ಟಿನ ಮೊದಲ ಕರಡು.

ನಾಲ್ಕನೆಯ ವರ್ಷ: ಕಟ್ಟನ್ನು ಹತ್ತು ಹನ್ನೆರಡಕ್ಕೆ ಇಳಿಸುವುದು. ಐದು ನಿಮಿಷದಲ್ಲಿ ವಿವರಿಸಿ ಹೇಳುವ ಅಭ್ಯಾಸ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಪರೀಕ್ಷೆಗೆ ಆರು ತಿಂಗಳ ಮೊದಲೇ ಇಪ್ಪತ್ತು ಮೂವತ್ತು ಕಡೆ ಕಾಗದ ಬರೆಯುವುದು. ಒಂದೇ ಒಕ್ಕಣೆಯನ್ನು ಎಲ್ಲರಿಗೂ ಕಳಿಸದೆ, ಅವರವರ ಕೆಲಸ ನೋಡಿ ಬರೆಯಬೇಕು.

ರಜೆಗೆ ಬಂದ ಮಗಳನ್ನು "ಎಷ್ಟು ಮಾರ್ಕು ಬಂತು?" ಎಂದು ಕೇಳುವ ಬದಲು "ಈ ಸಲ ಏನು ಮಾಡಿದೆ, ತೋರಿಸು ಮಗಾ" ಎಂದು ಕೇಳಿ. ಅರ್ಥವಾಗದಿದ್ದರೆ ಅದನ್ನೂ ಹೇಳಿ. ಓದಿಲ್ಲದ ಅಜ್ಜಿಗೆ ತಿಳಿಯುವಂತೆ ವಿವರಿಸಬಲ್ಲವಳು ನಾಳೆ ಗಿರಾಕಿಗೂ ವಿವರಿಸಬಲ್ಲಳು.

ಸಂಘ ಮಾಡಬಹುದಾದದ್ದು

ವಿದ್ಯಾರ್ಥಿಗೆ ಬೇಕಾದದ್ದು ಮೊದಲ ಗಿರಾಕಿ. ನಮಗೆ ಬೇಕಾದದ್ದು ನಮ್ಮ ಸರಕಿಗೆ ತಕ್ಕ ಹೊದಿಕೆ. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನಗಿರಿಯ ಅರೇಬಿಕಾ ಕಾಫಿಗಳಿಗೂ ಸಿರ್ಸಿ ಸುಪಾರಿಗೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆದರೂ ನಮ್ಮಲ್ಲಿ ಸ್ವಂತ ಪುಡಿ, ಕಾಳುಮೆಣಸು, ಜೇನು ಮಾರುವವರ ಸರಕು ಇಂದಿಗೂ ಬರಿಯ ಪ್ಲಾಸ್ಟಿಕ್ ಕೊಟ್ಟೆಯಲ್ಲೇ ಹೋಗುತ್ತಿದೆ.

ಆದ್ದರಿಂದ ಮುಂದಿನ ಆಡಳಿತ ಮಂಡಳಿ ಸಭೆಯ ಮುಂದೆ ಒಂದು ಸಲಹೆ ಇಡಲಿದ್ದೇನೆ. ಸಂಘದ ವಾರ್ಷಿಕ ವರದಿಯ ವಿನ್ಯಾಸ, ಗೊಬ್ಬರದ ಗೋದಾಮಿನ ಸೂಚನಾ ಫಲಕಗಳು, ಬೋರ್ಡೋ ದ್ರಾವಣ ತಯಾರಿಕೆಯ ಭಿತ್ತಿಪತ್ರ, ಸದಸ್ಯರು ಮಾರುವ ಪುಡಿಯ ಲೇಬಲ್ಲುಗಳು, ಇವನ್ನು ಮೊದಲು ನಮ್ಮ ಸದಸ್ಯರ ಮಕ್ಕಳಲ್ಲಿ ಈ ವಿದ್ಯೆ ಓದುತ್ತಿರುವವರಿಗೆ ಕೊಡಬೇಕು. ಮನೆಯ ಮಕ್ಕಳೆಂದು ಪುಕ್ಕಟೆ ಮಾಡಿಸಿಕೊಳ್ಳದೆ, ಒಪ್ಪಿದ ಕೂಲಿ ಕೊಟ್ಟು, ಒಪ್ಪಿದ ದಿನಕ್ಕೆ ಕೆಲಸ ಕೇಳಬೇಕು. ಕೆಲಸ ಸರಿಯಿಲ್ಲದಿದ್ದರೆ ಸರಿಯಿಲ್ಲವೆಂದೇ ಹೇಳಬೇಕು. ಅವರ ಕಟ್ಟಿನಲ್ಲಿ ನಿಜವಾದ ಕೆಲಸವೊಂದು ಸೇರುತ್ತದೆ, ನಮ್ಮ ಗೋದಾಮಿನಲ್ಲಿ ಓದಲು ಬರುವ ಫಲಕವೊಂದು ಏಳುತ್ತದೆ.

ಗ್ರಾಫಿಕ್ ಡಿಸೈನ್ ಅಥವಾ ಅನ್ವಯಿಕ ಕಲೆ ಓದುತ್ತಿರುವ ಮಕ್ಕಳಿರುವ ಸದಸ್ಯರು, ಅವರ ಹೆಸರು, ಕಾಲೇಜು, ಓದುತ್ತಿರುವ ವರ್ಷ ಮತ್ತು ಅವರು ಮಾಡಿರುವ ಒಂದೆರಡು ಕೆಲಸದ ಮಾದರಿಗಳನ್ನು ಕಚೇರಿಗೆ ತಲುಪಿಸಬೇಕಾಗಿ ಕೋರಿಕೆ. ಲೇಬಲ್ ಬೇಕಾದ ಸದಸ್ಯರೂ ತಮ್ಮ ಅಗತ್ಯವನ್ನು ಬರೆದು ತಿಳಿಸಬೇಕು. ಅಂಕಪಟ್ಟಿ ಕಳಿಸುವ ಅಗತ್ಯವಿಲ್ಲ.

— ಕಾರ್ಯದರ್ಶಿ